ಚಾತ್ತುವೇಟ್ಟನ ಪೇಪರನ್ನು ಒಬ್ಬರೇ ಕೇಳಿಸಿಕೊಂಡ ಶ್ರೀ ಡಮ್ಮಿ ಔಟ್‌ಪುಟ್ ಅವರಿಗೆ

ಮಾನ್ಯರೇ,

ಕಣ್ಣೂರು ಜಿಲ್ಲೆ, ಚೆರಿಯಕ್ಕಡವು ಜ್ಞಾನದೀಪಂ ವಾಚನಾಲಯದ ಕಾರ್ಯದರ್ಶಿಯಾದ ಎಂ. ವಿ. ತಂಗಮಣಿ ಎಂಬ ನಾನು ಅಧ್ಯಕ್ಷರು, ಆಡಳಿತ ಸಮಿತಿ, ಸಮಸ್ತ ಓದುಗರು ಹಾಗೂ ಕಾಲು ಮುರಿದ ಕೇರಂ ಬೋರ್ಡಿನ ಪರವಾಗಿ ತಮ್ಮ ಸನ್ನಿಧಿಗೆ ಅನಂತ ವಂದನೆಗಳನ್ನು ಅರ್ಪಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವಿಲ್ಲಿ ಒಂದು ತೆರನಾಗಿ ಕ್ಷೇಮ. ತಾವು ಎಲ್ಲಿ ವಾಸವಾಗಿದ್ದೀರಿ, ತಮಗೆ ಊರು ಮನೆ ಪಿನ್‌ಕೋಡು ಇವೆಯೇ ಎಂಬುದು ಎಷ್ಟು ಹುಡುಕಿದರೂ ತಿಳಿಯದ ಕಾರಣ ಈ ಪತ್ರವನ್ನು ಅಂಚೆಗೆ ಹಾಕದೆ ಬಹಿರಂಗವಾಗಿಯೇ ನಮ್ಮ ನೋಟೀಸು ಬೋರ್ಡಿಗೆ ಅಂಟಿಸುತ್ತಿದ್ದೇವೆ. ಹಾದಿಹೋಕರು ಓದಿ ನಕ್ಕರೆ ತಾವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಅವರು ನಗುತ್ತಿರುವುದು ನಮ್ಮನ್ನು ನೋಡಿ.

ತಮ್ಮ ಪರಿಚಯಭಾಗ್ಯ ನಮಗೆ ಒದಗಿದ್ದು ಹೀಗೆ. ನಮ್ಮ ಕಂಪ್ಯೂಟರು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ಅದು ಯಾವ ಒಬ್ಬನ ಸೊತ್ತೂ ಅಲ್ಲ, ಊರಿನ ಕೆರೆಯ ಹಾಗೆ ಎಲ್ಲರದು, ಆದ್ದರಿಂದ ಕೆಟ್ಟರೆ ಬಯ್ಯುವುದಕ್ಕೆ ಯಜಮಾನನೂ ಸಿಗುವುದಿಲ್ಲ. ಹೈಸ್ಕೂಲಿನ ಕಂಪ್ಯೂಟರ್ ಮೇಷ್ಟರಾದ ಬಿಜೋಯ್ ಒಂದು ಭಾನುವಾರ ಅದಕ್ಕೆ ಹೊಸ ಆವೃತ್ತಿ ಹಾಕಿದರು. ಬಣ್ಣ ಹೊಸದಾಯಿತು, ಅಕ್ಷರ ಹೊಸದಾಯಿತು, ಎಡಗಡೆ ಇದ್ದ ಗುಂಡಿಗಳು ಯಾರ ಶಿಫಾರಸೂ ಇಲ್ಲದೆ ಬಲಗಡೆಗೆ ವರ್ಗವಾದವು, ಮತ್ತು ಶಬ್ದ ಪೂರ್ತಿ ನಿಂತುಹೋಯಿತು. ಶಬ್ದ ಹೊರಡುವ ದಾರಿಯನ್ನು ತೋರಿಸುವ ಚೌಕದಲ್ಲಿ ಅಲ್ಲಿಯವರೆಗೆ ನಮ್ಮ ಬಡ ಸ್ಪೀಕರಿನ ಹೆಸರಿತ್ತು. ಈಗ ನೋಡಿದರೆ ಆ ಜಾಗದಲ್ಲಿ ತಾವು ಅಧಿಕಾರ ವಹಿಸಿಕೊಂಡಿದ್ದಿರಿ: ಡಮ್ಮಿ ಔಟ್‌ಪುಟ್. ಶಬ್ದ ಹೊರಡುವ ದಾರಿ ಸಿಗದಾಗ ಯಂತ್ರ ತೋರಿಸುವ ಹುಸಿ ದಾರಿಯ ಹೆಸರದು ಎಂದರು ಬಿಜೋಯ್.

ತಮ್ಮ ಕಾರ್ಯದಕ್ಷತೆಯನ್ನು ಹೊಗಳದಿದ್ದರೆ ನಮ್ಮ ನಾಲಿಗೆಗೆ ಪಾಪ ತಟ್ಟೀತು. ತಾವು ಯಾರನ್ನೂ ಬರಿಗೈಯಲ್ಲಿ ಹಿಂದೆ ಕಳಿಸಿದವರಲ್ಲ. ಹಾಡು ಕೊಟ್ಟೆವು, ತೆಗೆದುಕೊಂಡಿರಿ. ಭಾಷಣ ಕೊಟ್ಟೆವು, ತೆಗೆದುಕೊಂಡಿರಿ. ಶಬ್ದದ ಮಟ್ಟವನ್ನು ತೋರಿಸುವ ಹಸಿರು ಪಟ್ಟಿ ತಮ್ಮ ಹೆಸರಿನ ಕೆಳಗೆ ಚೆಂಡೆಯ ಏಟಿಗೆ ಕುಣಿದ ಹಾಗೆ ಕುಣಿಯುತ್ತಿತ್ತು, ಕೋಣೆಯಲ್ಲಿ ಮಾತ್ರ ಫ್ಯಾನು ಕಿರುಗುಟ್ಟುವುದಷ್ಟೇ ಕೇಳುತ್ತಿತ್ತು. ತಾಲ್ಲೂಕು ಕಚೇರಿಯಲ್ಲಿಯೂ ಅರ್ಜಿ ಕೊಟ್ಟರೆ ಒಳಗಿನಿಂದ ಒಂದು ಕೆಮ್ಮಾದರೂ ಕೇಳಿಸುತ್ತದೆ. ಎಲ್ಲವನ್ನೂ ಸ್ವೀಕರಿಸಿ, ತಿರುಗಿ ಒಂದು ಉಸಿರನ್ನೂ ಬಿಡದೆ, ಅಷ್ಟರ ಮೇಲೆ ಹಸಿರು ದೀಪ ತೋರಿಸುವ ಈ ವಿದ್ಯೆಯನ್ನು ತಾವು ಯಾವ ಇಲಾಖೆಯಲ್ಲಿ ಕಲಿತಿರೆಂದು ತಿಳಿಯುವ ಕುತೂಹಲ ನಮಗಿದೆ.

ಹಾಡು ಭಾಷಣಗಳಿಲ್ಲದೆ ನಮ್ಮ ವಾಚನಾಲಯ ಹೇಗೋ ಬದುಕಿಕೊಳ್ಳುತ್ತಿತ್ತು. ಆದರೆ ಆ ಶಬ್ದ ನಿಜವಾಗಿ ಬೇಕಾಗಿದ್ದದ್ದು ಒಬ್ಬರಿಗೆ. ಅವರ ಹೆಸರು ಚಾತ್ತು, ಊರಿಗೆಲ್ಲ ಏಟ್ಟ, ಅಂದರೆ ಅಣ್ಣ, ಆದ್ದರಿಂದ ನಮ್ಮ ಚಾತ್ತುವೇಟ್ಟ. ಅವರು ಹಿಂದೆ ಬೀಡಿ ಕಂಪನಿಯಲ್ಲಿದ್ದರು, ಆದರೆ ಕಟ್ಟಿದ ಬೀಡಿ ಕಡಿಮೆ. ನಮ್ಮ ಕಡೆಯ ಬೀಡಿ ಕಂಪನಿಗಳಲ್ಲಿ ಒಬ್ಬರು ಎಲ್ಲರಿಗೂ ಕೇಳುವಂತೆ ಪೇಪರು ಓದುವುದು, ಓದುವವರ ಪಾಲಿನ ಬೀಡಿಯನ್ನು ಮಿಕ್ಕವರು ಸುತ್ತಿಕೊಡುವುದು ಪದ್ಧತಿ. ಚಾತ್ತುವೇಟ್ಟ ಓದಿದರು, ಅವರ ಎಡಬದಿಗೆ ಕೂತಿದ್ದ ಗೆಳೆಯ ಕೊಟ್ಟನ್ ತಮ್ಮ ಪಾಲಿನ ಜೊತೆಗೆ ಅವರ ಪಾಲಿನದ್ದನ್ನೂ ಮುಕ್ಕಾಲು ಸುತ್ತಿದರು. ಹೀಗೆ ಒಂದು ಆಯುಷ್ಯ ಕಳೆಯಿತು. ಚಾತ್ತುವೇಟ್ಟ ಓದಿದರೆ ಮೇಲಿನ ಪತ್ರಿಕೆಯ ಹೆಸರಿನಿಂದ ಹಿಡಿದು ಕೆಳಗಿನ ಮುದ್ರಕರ ಹೆಸರಿನವರೆಗೆ, ಚರಂಡಿ ಟೆಂಡರನ್ನೂ ಬಿಡದೆ, ಓದುತ್ತಿದ್ದರು. ಆಮೇಲೆ ಅವರ ಕಣ್ಣು ಹೋಯಿತು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ಹೆಣ್ಣುದನಿಯನ್ನು ಬಿಜೋಯ್ ನಮ್ಮ ಕಂಪ್ಯೂಟರಿಗೆ ಹಾಕಿಕೊಟ್ಟಂದಿನಿಂದ ಚಾತ್ತುವೇಟ್ಟ ಪ್ರತಿ ಬೆಳಿಗ್ಗೆ ಕಟ್ಟನ್ ಚಾಯದ, ಅಂದರೆ ಹಾಲಿಲ್ಲದ ಚಹಾದ, ಗ್ಲಾಸು ಹಿಡಿದು ಬಂದು, ಬೆರಳಿನಿಂದ ಗುಂಡಿಗಳನ್ನು ತಡವಿ, ಇಂಟರ್ನೆಟ್ಟಿನಲ್ಲಿ ಬರುವ ಪೇಪರನ್ನು ಪೂರ್ತಿ ಕೇಳಿ ಎದ್ದು ಹೋಗುತ್ತಿದ್ದರು. ಮಾನ್ಯರೇ, ತಾವು ಬಂದು ಕೂತದ್ದು ಆ ಚಹಾದ ಗ್ಲಾಸಿಗೂ ಆ ದನಿಗೂ ನಡುವೆ.

ತಮ್ಮ ಪಟ್ಟಾಭಿಷೇಕದ ದಿನವನ್ನು ನೆನಪಿಸಲು ಅನುಮತಿ ಕೊಡಬೇಕು. ಅಂದು ನೆರೆಯೂರಿನ ಗ್ರಂಥಾಲಯದ ಹಳೆಯ ಅಧ್ಯಕ್ಷರೊಬ್ಬರು ತೀರಿಕೊಂಡಿದ್ದರಿಂದ ನಮ್ಮಲ್ಲಿ ಸಂತಾಪ ಸಭೆ ಇತ್ತು. ಸಂತಾಪ ಸಭೆ ಎಂದರೆ ನಮ್ಮ ಅಧ್ಯಕ್ಷರಾದ ಗಂಗಾಧರನ್ ಮೇಷ್ಟರು, ನಮ್ಮ ಬಾಯಲ್ಲಿ ಮಾಷ್, ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ಬರುತ್ತಾರೆ. ಆ ಅಂಗಿ ಬೇರೆ ಯಾವ ಕಾರ್ಯಕ್ಕೂ ಹೊರಬೀಳುವುದಿಲ್ಲ, ಅರ್ಧ ತಾಸು ತೊಟ್ಟದ್ದಕ್ಕೆ ಒಗೆಯುವುದೇಕೆಂದು ಮರಳಿ ಬಾಗಿಲ ಹಿಂದಿನ ಮೊಳೆಗೆ ಹೋಗುತ್ತದೆ. ಹೊಸ ಆವೃತ್ತಿ ಇಳಿಯುತ್ತಿದ್ದ ಕಂಪ್ಯೂಟರನ್ನು ನಿಲ್ಲಿಸುವಂತಿಲ್ಲ ಎಂದು ಬಿಜೋಯ್ ಹೇಳಿದ್ದರು. ನಾವೆಲ್ಲ ಎದ್ದು, ತಲೆ ಬಗ್ಗಿಸಿ, ಕಣ್ಣು ಮುಚ್ಚಿ ಒಂದು ನಿಮಿಷದ ಮೌನ ಆರಂಭಿಸಿದ್ದೇ ತಡ, ಆ ಹೆಣ್ಣುದನಿ "ಶೇಕಡ ನಲವತ್ತೊಂದು ಪೂರ್ಣ" ಎಂದಿತು. ಸ್ವಲ್ಪ ಬಿಟ್ಟು "ಶೇಕಡ ನಲವತ್ತೆರಡು." "ಶೇಕಡ ನಲವತ್ತ..." ಎನ್ನುವಷ್ಟರಲ್ಲಿ ತಾನಾಗಿಯೇ ನಿಂತಿತು. ಕಣ್ಣು ಬಿಟ್ಟ ಮೇಲೆ ಚಾತ್ತುವೇಟ್ಟ, "ನೋಡ್ರೋ, ಯಂತ್ರಕ್ಕೂ ಸತ್ತವರ ಮೇಲೆ ಮರ್ಯಾದೆ ಇದೆ" ಎಂದು ಮೆಚ್ಚಿಕೊಂಡರು. ಮರುದಿನ ಬೆಳಿಗ್ಗೆ ಅದೇ ಮರ್ಯಾದೆ ಮುಂದುವರಿದಾಗ ಅವರ ಮುಖ ಸಣ್ಣದಾಯಿತು.

ತಮ್ಮನ್ನು ಪದಚ್ಯುತಗೊಳಿಸಲು ಬಿಜೋಯ್ ಮಾಡಿದ ಸಾಹಸಗಳನ್ನು ತಾವೇ ಕಂಡಿದ್ದೀರಿ. ಕಪ್ಪು ಪರದೆ ತೆರೆದು ಅವರು ಶಬ್ದದ ಸೇವೆಯನ್ನು ನಿಲ್ಲಿಸಿದರು, ಎಬ್ಬಿಸಿದರು, ಕಿತ್ತರು, ಮತ್ತೆ ನೆಟ್ಟರು. ಯಂತ್ರವನ್ನು ಕರ್ನೆಲ್ ಎಂಬ ಅದರ ಹಳೆಯ ತಿರುಳಿನಿಂದ ಶುರು ಮಾಡಿ ನೋಡಿದರು. ಮ್ಯೂಟ್ ಆಗಿದೆಯೇ ಎಂದು ಎಲ್ಲ ಪಟ್ಟಿಗಳನ್ನೂ ನೆತ್ತಿಯವರೆಗೆ ಏರಿಸಿದರು. ಪ್ರತಿ ಸಲವೂ ತಾವು ಅದೇ ಪ್ರಸನ್ನ ಮುಖದಿಂದ ಅದೇ ಜಾಗದಲ್ಲಿದ್ದಿರಿ. ಕೊನೆಗೆ ಅವರು ಇಂಟರ್ನೆಟ್ಟಿನ ಒಂದು ಚರ್ಚಾಕೂಟದಲ್ಲಿ ಕಷ್ಟ ತೋಡಿಕೊಂಡಾಗ ಎಲ್ಲಿಯವರೋ ಒಬ್ಬ ಪುಣ್ಯಾತ್ಮರು, "ಎಲ್ಲ ಸರಿಯಾಗಿ ಸಿಕ್ಕಿಸಿದ್ದೀರಿ ತಾನೆ?" ಎಂದು ಕೇಳಿದರು. ಬಿಜೋಯ್ ಇದನ್ನು ತಮ್ಮ ವಿದ್ಯೆಗೆ ಆದ ಅವಮಾನವೆಂದು ಭಾವಿಸಿ ಬಹಳ ಉದ್ದದ ಉತ್ತರ ಬರೆದರು. ಬರೆಯುವುದರಲ್ಲಿ ಸಂಜೆಯಾಯಿತು, ಎದ್ದು ಯಂತ್ರದ ಬೆನ್ನು ನೋಡಲಾಗಲಿಲ್ಲ.

ಆಮೇಲೆ ವಿಷಯ ಸಮಿತಿಗೆ ಬಂತು. ಸಮಿತಿಗೆ ಬಂದ ವಿಷಯ ಜೀವಂತ ಹೊರಗೆ ಹೋದ ಉದಾಹರಣೆ ನಮ್ಮಲ್ಲಿ ಕಡಿಮೆ. ಯಾವುದೋ ಕಂಪನಿ ಗುಟ್ಟಾಗಿ ಬರೆದ ಒಂದು ತುಂಡು ತಂತ್ರಾಂಶ ಹಾಕಿದರೆ ಶಬ್ದ ಬಂದರೂ ಬರಬಹುದು ಎಂದು ಬಿಜೋಯ್ ಅಂದದ್ದೇ ತಡ, ಪವಿತ್ರನ್ ಮೇಜು ಗುದ್ದಿದರು. ಇವರು ಕೆಂಪು ಬಾವುಟದವರು. "ಗುಟ್ಟಿನ ತಂತ್ರಾಂಶ ನಮ್ಮ ವಾಚನಾಲಯಕ್ಕಾ? ಇವತ್ತು ಶಬ್ದ ಕೊಡ್ತಾರೆ, ನಾಳೆ ಏನು ಮಾತಾಡ್ಬೇಕು ಅಂತಲೂ ಅವ್ರೇ ಹೇಳ್ತಾರೆ!" ತ್ರಿವರ್ಣದ ಬಾವುಟದವರಾದ ದಾಮು ಬಿಡುತ್ತಾರೆಯೇ? "ನಿಮ್ಗೆ ಅದನ್ನ ಈಗಾಗ್ಲೇ ಪಾರ್ಟಿ ಆಫೀಸಿಂದ ಹೇಳ್ತಾರಲ್ಲ, ಹೊಸ್ದೇನು?" ಎಂದರು. ಗಲಾಟೆ ತಣ್ಣಗಾದ ಮೇಲೆ ಶಬ್ದನಾಶದ ಮೂಲವನ್ನು ಪತ್ತೆ ಹಚ್ಚಲು ಗಂಗಾಧರನ್ ಮಾಷ್ ಅವರ ಅಧ್ಯಕ್ಷತೆಯಲ್ಲಿ ಉಪಸಮಿತಿ ರಚಿಸಿ, ತಾವು ಕೂಡಲೇ ಜಾಗ ಖಾಲಿ ಮಾಡದಿದ್ದರೆ ಕಂಪ್ಯೂಟರಿನ ಮುಂದೆ ಧರಣಿ ಕೂರುವುದಾಗಿ ಎಚ್ಚರಿಸುವ ನಿರ್ಣಯವನ್ನು ಅಂಗೀಕರಿಸಿ, ಪಳಂಪೊರಿ ಎಂಬ ಬಾಳೆಹಣ್ಣಿನ ಬಜ್ಜಿ ತಿಂದು ಎದ್ದೆವು. ಮಾಷ್ ಅತ್ಯಂತ ಶ್ರದ್ಧೆಯಿಂದ ಎಲ್ಲರನ್ನೂ ವಿಚಾರಣೆ ಮಾಡಿದರು. ಸ್ವತಃ ಮಾಷನ್ನು ವಿಚಾರಣೆ ಮಾಡುವುದೊಂದು ಉಳಿಯಿತು.

ಅಲ್ಲಿಯವರೆಗೆ ಚಾತ್ತುವೇಟ್ಟನಿಗೆ ನಾವೇ ಸರದಿಯಂತೆ ಪೇಪರು ಓದುವುದೆಂದಾಯಿತು, ಮತ್ತು ಮಾನ್ಯರೇ, ನಮ್ಮ ಮಾನ ಹೋದದ್ದು ಇಲ್ಲಿ. ಪವಿತ್ರನ್ ಓದುವಾಗ ಅವರ ಪಕ್ಷ ಸೋತ ಸುದ್ದಿಗಳು ಗಂಟಲಿನಲ್ಲೇ ಉಳಿಯುತ್ತಿದ್ದವು. ದಾಮು ಓದುವಾಗ ಎದುರು ಪಕ್ಷದವರು ಕಟ್ಟಿದ ಸೇತುವೆಗಳು ಕುಸಿದಿಲ್ಲದಿದ್ದರೂ ಕುಸಿಯುತ್ತಿದ್ದವು. ನಾನು ಓದಿದರೆ ತೆಂಗಿನಕಾಯಿ ಬೆಲೆಯ ಬಳಿ ನಿಂತು ಹತ್ತು ಮಾತು ನನ್ನದೇ ಸೇರಿಸುತ್ತಿದ್ದೆನಂತೆ. ಒಂದು ವಾರ್ಡಿನ ಉಪಚುನಾವಣೆಯ ಫಲಿತಾಂಶವನ್ನು ಪವಿತ್ರನ್ ಬೆಳಿಗ್ಗೆ, ದಾಮು ಸಂಜೆ ಓದಿ ಹೇಳಿದರು. ಎಲ್ಲವನ್ನೂ ಕೇಳಿದ ಚಾತ್ತುವೇಟ್ಟ, "ಅಲ್ರೋ, ಇವನು ಓದಿದ್ರೆ ಇವರು ಗೆದ್ರು, ಅವನು ಓದಿದ್ರೆ ಅವರು ಗೆದ್ರು. ಸೋತೋರು ಯಾರು ಹಾಗಾದ್ರೆ, ಆ ವಾರ್ಡಾ?" ಎಂದರು. "ನಂಗೆ ಕಣ್ಣಿಲ್ಲ ಅಂತ ಪೇಪರಿಗೂ ಕುರುಡು ಹಿಡಿಸ್ಬೇಡ್ರಪ್ಪ. ಆ ಯಂತ್ರದ ಹೆಂಗ್ಸು ಎಷ್ಟೋ ವಾಸಿ, ಅವಳಿಗೆ ಯಾವ ಪಾರ್ಟಿ ಮೆಂಬರ್‌ಶಿಪ್ಪೂ ಇಲ್ಲ."

ಅವರು ಅಷ್ಟಕ್ಕೇ ಬಿಡಲಿಲ್ಲ. ದಿನಾ ಬೆಳಿಗ್ಗೆ ನಮ್ಮ ಓದು ಶುರುವಾಗುವ ಮೊದಲು ಅವರು ಕಂಪ್ಯೂಟರಿನ ಮುಂದೆ ಕೂತು, ಅಭ್ಯಾಸದ ಗುಂಡಿಗಳನ್ನು ಒತ್ತಿ, ಇವತ್ತಾದರೂ ದನಿ ಬಂದೀತೇ ಎಂದು ಕಿವಿಗೊಡುತ್ತಿದ್ದರು. ಪರದೆಯ ಮೇಲೆ ಗೆರೆಯಿಂದ ಗೆರೆಗೆ ಚೌಕ ಇಳಿಯುತ್ತಿತ್ತು, ಹಸಿರು ಪಟ್ಟಿ ಕುಣಿಯುತ್ತಿತ್ತು. ಅಂದರೆ ಆ ಹೆಣ್ಣುದನಿ ಒಂದು ಸಾಲನ್ನೂ ಬಿಡದೆ ಇಡೀ ಪೇಪರನ್ನು ಓದುತ್ತಲೇ ಇತ್ತು, ತಮಗೆ. ನಮ್ಮೂರಿನಲ್ಲಿ ಆ ದಿನಗಳಲ್ಲಿ ಕತ್ತರಿ ಬೀಳದ ಸುದ್ದಿಯನ್ನು ಪೂರ್ತಿ ಕೇಳಿದವರು ತಾವೊಬ್ಬರೇ. ಚಾತ್ತುವೇಟ್ಟ ಚಹಾ ಆರುವವರೆಗೆ ಕೂತು, ಗ್ಲಾಸು ಎತ್ತಿಕೊಂಡು ನಮ್ಮ ಬೆಂಚಿಗೆ ಬರುತ್ತಿದ್ದರು. ನೋಡಲು ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಅವರ ತಾಳ್ಮೆ ತಪ್ಪಿತು. ಉಪಸಮಿತಿ ಇನ್ನಷ್ಟು ಕಾಲಾವಕಾಶ ಕೇಳುತ್ತಿದ್ದಾಗ ನಡುವೆ ಎದ್ದು ನಿಂತು, "ಮಾಷೇ, ಶಬ್ದ ಸತ್ತಿದೆ ಅಂತ ಒಪ್ಕೊಳ್ಳಿ. ಸತ್ತ ಮೇಲೆ ಒಂದು ಸಂತಾಪ ಸಭೆಯಾದ್ರೂ ಬೇಡ್ವಾ? ಕಂಡವರಿಗೆಲ್ಲ ಮಾಡ್ತೀರಿ, ಇದು ನಮ್ಮದೇ ಮನೆಯ ಸಾವು" ಎಂದರು. ಅವರು ಚುಚ್ಚಲೆಂದೇ ಆಡಿದ ಮಾತದು. ಆದರೆ ಸಂತಾಪ ಸೂಚನೆಯನ್ನು ಯಾರೇ ಮಂಡಿಸಿದರೂ ಚರ್ಚೆಯಿಲ್ಲದೆ ಅಂಗೀಕರಿಸಬೇಕೆಂಬುದು ನಮ್ಮ ವಾಚನಾಲಯದ ಸಂಪ್ರದಾಯ. ಇಷ್ಟಕ್ಕೂ ಅಷ್ಟು ದಿನಗಳಿಂದ ಸುತ್ತಲಿನ ಊರುಗಳಲ್ಲಿ ಸಂತಾಪ ಸಭೆ ಮಾಡುವ ಯೋಗ್ಯತೆಯುಳ್ಳವರು ಯಾರೂ ತೀರಿಕೊಳ್ಳುವ ಉಪಕಾರ ಮಾಡಿರಲಿಲ್ಲ, ಸಮಿತಿಗೂ ಕೈ ತುರಿಸುತ್ತಿತ್ತು. ಸರಿ, ಮುಂದಿನ ಭಾನುವಾರ ದಿವಂಗತ ಶಬ್ದದ ಸಂತಾಪ ಸಭೆ ಎಂದು ನಾನೇ ನನ್ನ ಕೈಯಾರೆ ಬೋರ್ಡಿನಲ್ಲಿ ಬರೆದೆ.

ಭಾನುವಾರ ಗಂಗಾಧರನ್ ಮಾಷ್ ಸಂತಾಪದ ಅಂಗಿ ತೊಟ್ಟು ಬಂದರು. ದಿವಂಗತರ ಸದ್ಗುಣಗಳನ್ನು ಕೊಂಡಾಡುತ್ತ, ಕನ್ನಡಕಕ್ಕೆಂದು ಜೇಬಿಗೆ ಕೈ ಹಾಕಿದವರು ಹೆಬ್ಬೆಟ್ಟಿನಷ್ಟು ದೊಡ್ಡ ಒಂದು ಕಪ್ಪು ತುಂಡನ್ನು ಹೊರಗೆಳೆದು, "ಅರೆ ಬಿಜೋಯ್, ನಿನ್ನ ಪೆನ್ ಡ್ರೈವ್ ನನ್ನ ಹತ್ರಾನೇ ಉಳಿದುಬಿಟ್ಟಿದೆ ನೋಡು. ಆವತ್ತು ಮೌನದ ಹೊತ್ತಲ್ಲಿ ಇದೇ ವಟಗುಟ್ತಾ ಇತ್ತು ಅಂತ ಕಿತ್ತಿದ್ದೆ" ಎಂದರು. ಬಿಜೋಯ್ ಅದನ್ನು ನೋಡಿದರು. ಬಿಜೋಯ್ ಮಾಷನ್ನು ನೋಡಿದರು. ಆಮೇಲೆ ಹೋಗಿ ಯಂತ್ರದ ಬೆನ್ನನ್ನು, ಬಹುಶಃ ಮೊದಲ ಸಲ, ನೋಡಿದರು. ಹಿಂದೆ ಸಿಡಿಲು ಬಡಿದು ನಮ್ಮ ಯಂತ್ರದ ಸ್ವಂತ ಶಬ್ದದ ತೂತು ಸತ್ತಿದ್ದರಿಂದ, ಸ್ಪೀಕರಿಗೆ ಶಬ್ದ ಹೋಗುತ್ತಿದ್ದದ್ದು ರಿಪೇರಿಯವನೊಬ್ಬ ಹೊರಗಿನಿಂದ ಸಿಕ್ಕಿಸಿಹೋದ ಈ ತುಂಡಿನ ಮೂಲಕವೇ. ಮಾಷ್ ಸತ್ತವರ ಮೇಲಿನ ಗೌರವದಿಂದ ಕಣ್ಣು ಮುಚ್ಚಿಕೊಂಡೇ ಅದನ್ನು ಕಿತ್ತು ಜೇಬಿಗಿಳಿಸಿದ್ದರು. ತೂಗಾಡುವ ವೈರು ಕಂಡರಾಗದವರಾದ್ದರಿಂದ ಸ್ಪೀಕರಿನ ವೈರನ್ನು ಅದೇ ಸತ್ತ ತೂತಿಗೆ ಅಚ್ಚುಕಟ್ಟಾಗಿ ಸಿಕ್ಕಿಸಿದ್ದರು. ಹೊಸ ಆವೃತ್ತಿ ಬಡಪಾಯಿ, ಬರಿದೇ ಬೈಸಿಕೊಂಡಿತ್ತು. ನಾವು ಆಚರಿಸಿದ ಒಂದು ನಿಮಿಷದ ಮೌನ ಆ ನಿಮಿಷದಿಂದ ಈ ಭಾನುವಾರದವರೆಗೂ ಮುಗಿದಿರಲೇ ಇಲ್ಲ.

ತುಂಡನ್ನು ಸಿಕ್ಕಿಸಿದ ಕೂಡಲೇ ತಾವು ಒಂದು ನಮಸ್ಕಾರವನ್ನೂ ಹೇಳದೆ ಪರದೆಯಿಂದ ಮಾಯವಾದಿರಿ. ಚಾತ್ತುವೇಟ್ಟ ಗುಂಡಿ ಒತ್ತಿದರು, ದನಿ ಬಂತು, ಸಭೆ ಚಪ್ಪಾಳೆ ತಟ್ಟಿತು. ಅವರು ಮಾತ್ರ ಅಂದಿನ ಪೇಪರನ್ನು ಕೇಳಲೊಪ್ಪದೆ, "ತಪ್ಪಿಹೋದದ್ದೆಲ್ಲ ಮೊದ್ಲಿಂದ ಹಾಕು ಬಿಜೋಯ್" ಎಂದು ಹಟ ಹಿಡಿದರು. ಹೀಗೆ ಹಳೆಯ ಪೇಪರುಗಳನ್ನು ಒಂದೊಂದಾಗಿ ಕೇಳುತ್ತ, ಎಲ್ಲೆಲ್ಲಿ ಯಾರು ಏನು ನುಂಗಿದ್ದರೆಂದು ಪವಿತ್ರನ್, ದಾಮು ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು ಕಿವಿ ಹಿಂಡುತ್ತ ಇದ್ದಾಗ, ಒಂದು ದಿನದ ನಿಧನ ವಾರ್ತೆಯ ಪುಟದಲ್ಲಿ ಆ ದನಿ ಅದೇ ಏರಿಳಿತವಿಲ್ಲದ ರಾಗದಲ್ಲಿ ಓದಿತು: ವಯನಾಡಿನ ಮಗಳ ಮನೆಯಲ್ಲಿ ವಾಸವಾಗಿದ್ದ, ಹಿಂದೆ ಚೆರಿಯಕ್ಕಡವಿನಲ್ಲಿ ಬೀಡಿ ಕಾರ್ಮಿಕರಾಗಿದ್ದ ಪಿ. ಕೊಟ್ಟನ್ ನಿಧನ.

ಚಾತ್ತುವೇಟ್ಟ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರು. ದನಿ ಮತ್ತೆ ಓದಿತು. ಆಮೇಲೆ ಅವರು, "ಆವತ್ತು ನಂಗೆ ಪೇಪರ್ ಓದಿದ್ದು ಯಾರ್ರೋ?" ಎಂದು ಕೇಳಿದರು. ಪವಿತ್ರನ್ ಫ್ಯಾನು ನೋಡಿದರು, ದಾಮು ತಮ್ಮ ಚಪ್ಪಲಿ ನೋಡಿದರು, ನಾನು ಕಪಾಟಿನ ಕಡೆ ತಿರುಗಿದೆ. ಯಾರ ಸರದಿಯಾಗಿದ್ದರೂ ಒಂದೇ ಆಗಿತ್ತು. ವಯಸ್ಸಾದವರಿಗೆ ಬೆಳಿಗ್ಗೆ ಎದ್ದು ಸಾವಿನ ಸುದ್ದಿ ಯಾಕೆಂದು ಆ ಪುಟವನ್ನು ನಾವೆಲ್ಲರೂ ಮಗುಚಿಬಿಡುತ್ತಿದ್ದೆವು. ಎರಡು ಪಕ್ಷಗಳೂ ಒಂದೇ ಥರ ನುಂಗಿದ್ದು ಅದೊಂದನ್ನೇ. ನಾನು ವಯನಾಡಿಗೆ ಫೋನು ಮಾಡಿದಾಗ ಆ ಮಗಳು ಅಂದದ್ದು ಇಷ್ಟು: "ಅಪ್ಪ ಹೇಳಿಟ್ಟಿದ್ರು ಅಕ್ಕ. ಯಾರಿಗೂ ಫೋನ್ ಮಾಡ್ಬೇಡ, ಪೇಪರಲ್ಲಿ ಹಾಕ್ಸು ಸಾಕು, ಚಾತ್ತು ಒಂದು ಸಾಲೂ ಬಿಡೋದಿಲ್ಲ, ಅವನಿಗೆ ಗೊತ್ತಾಗತ್ತೆ ಅಂತ."

ಮತ್ತೆ ಸಂತಾಪ ಸಭೆ ನಡೆಯಿತು, ಈ ಸಲ ನಿಜವಾದದ್ದು. ಮಾಷ್ ಅದೇ ಅಂಗಿಯಲ್ಲಿ ಬಂದರು. ಬಾಗಿಲಲ್ಲಿ ಬಿಜೋಯ್ ಅವರ ಜೇಬು ತಪಾಸಣೆ ಮಾಡಿಯೇ ಒಳಗೆ ಬಿಟ್ಟರು. ಮೌನಕ್ಕೆಂದು ಎಲ್ಲರೂ ಎದ್ದಾಗ ಚಾತ್ತುವೇಟ್ಟ ಕೈಯೆತ್ತಿ ತಡೆದರು. "ಕೊಟ್ಟನಿಗೆ ಮೌನ ಆಗ್ತಿರ್ಲಿಲ್ಲ. ನಾನು ನೀರು ಕುಡಿಯೋಕೆ ನಿಲ್ಸಿದ್ರೂ ಬಯ್ಯೋನು, ಓದೋ ಚಾತ್ತೂ, ನಿನ್ನ ಬೀಡಿ ನಾನೇನು ಸುಮ್ನೆ ಸುತ್ತುತಾ ಇದೀನಾ ಅಂತ. ಅವನಿಗೆ ಮೌನ ಬೇಡ. ಇವತ್ತಿನ ಪೇಪರ್ ಓದ್ಸಿ." ಹಾಗೆಯೇ ಆಯಿತು. ನಾವು ತಲೆ ಬಗ್ಗಿಸಿ, ಕಣ್ಣು ಮುಚ್ಚಿ ನಿಂತೆವು, ಆ ದನಿ ಪತ್ರಿಕೆಯ ಹೆಸರಿನಿಂದ ಶುರು ಮಾಡಿತು. ಪವಿತ್ರನ್ ತಮ್ಮ ಪಕ್ಷದ ಸೋಲನ್ನು ಪೂರ್ತಿ ಕೇಳಿದರು, ದಾಮು ಎದುರು ಪಕ್ಷದವರ ಸೇತುವೆಯನ್ನು ಕುಸಿಯಗೊಡದೆ ಕೇಳಿದರು. ಚರಂಡಿ ಟೆಂಡರು ಬಂತು, ಅದನ್ನೂ ಕೇಳಿದೆವು. ನಿಧನ ವಾರ್ತೆಯ ಪುಟ ಬಂತು, ಅದನ್ನೂ ಕೇಳಿದೆವು. ಮಾಷ್‌ಗೆ ಕಾಲು ನೋಯತೊಡಗಿದರೂ ಕೂರಲಿಲ್ಲ. ಮುದ್ರಕರ ಹೆಸರು ಓದಿ ದನಿ ನಿಂತಾಗ ಚಾತ್ತುವೇಟ್ಟ ತಮ್ಮ ಎಡಬದಿಯ ಖಾಲಿ ಬೆಂಚನ್ನು ಒಮ್ಮೆ ತಟ್ಟಿ ಹೊರಟುಹೋದರು.

ಆದ್ದರಿಂದ ಮಾನ್ಯರಲ್ಲಿ ನಮ್ಮ ವಿನಮ್ರ ಬೇಡಿಕೆ ಏನೆಂದರೆ, ಶಬ್ದವನ್ನು ನುಂಗಿದ್ದಕ್ಕೆ ತಮ್ಮ ಮೇಲೆ ನಮಗೆ ಸಿಟ್ಟಿಲ್ಲ. ಹಾಡುಗಳನ್ನು ತಾವೇ ಇಟ್ಟುಕೊಳ್ಳಬಹುದು, ಭಾಷಣಗಳನ್ನಂತೂ ದಯವಿಟ್ಟು ಇಟ್ಟುಕೊಳ್ಳಬೇಕು. ಆದರೆ ಆ ಒಂದು ಬೆಳಿಗ್ಗೆ ಒಂದು ಸುದ್ದಿ ಚಾತ್ತುವೇಟ್ಟನ ಹೆಸರಿಗೇ ಬಂದಿತ್ತು. ಆ ದನಿ ಅದನ್ನು ಓದಿದಾಗ ಅವರು ಅಲ್ಲೇ ಯಂತ್ರದ ಮುಂದೆ, ಚಹಾದ ಗ್ಲಾಸು ಹಿಡಿದು, ಕಿವಿಗೊಟ್ಟು ಕೂತಿದ್ದರು. ಕೇಳಿಸಿಕೊಂಡವರು ತಾವು. ಆ ಬೆಳಿಗ್ಗೆಯನ್ನು ಮಾತ್ರ ಸೇರಬೇಕಾದವರಿಗೆ ತಡವಾಗದಂತೆ, ಅಂದರೆ ಅದೇ ಬೆಳಿಗ್ಗೆಗೇ, ತಲುಪಿಸಬೇಕಾಗಿ ಪ್ರಾರ್ಥನೆ. ಅದು ಸಾಧ್ಯವಿಲ್ಲವೆಂದು ನಮಗೂ ಗೊತ್ತು. ಆದರೂ ಅರ್ಜಿ ಸ್ವೀಕರಿಸುವುದರಲ್ಲಿ ತಮ್ಮನ್ನು ಮೀರಿಸಿದವರಿಲ್ಲವಾದ್ದರಿಂದ ಕೊಡುತ್ತಿದ್ದೇವೆ.

ಇಂತಿ, ತಮ್ಮ ಮೌನವನ್ನೇ ಉತ್ತರವೆಂದು ತಿಳಿಯಲು ನಿರಾಕರಿಸುವ

ತಮ್ಮ ವಿಶ್ವಾಸಿ,
ಎಂ. ವಿ. ತಂಗಮಣಿ
ಕಾರ್ಯದರ್ಶಿ, ಜ್ಞಾನದೀಪಂ ವಾಚನಾಲಯ

ತಾ. ಕ.: ಇಷ್ಟು ಸಹನೆಯಿಂದ ಕೇಳಿಸಿಕೊಳ್ಳುವ ತಮ್ಮಂಥವರನ್ನು ನಮ್ಮ ಆಡಳಿತ ಸಮಿತಿಗೆ ಸದಸ್ಯರನ್ನಾಗಿ ತೆಗೆದುಕೊಳ್ಳಬೇಕೆಂದು ದಾಮು ಸೂಚಿಸಿದರು, ಪವಿತ್ರನ್ ಅನುಮೋದಿಸಿದರು. ಅವರಿಬ್ಬರೂ ಒಪ್ಪಿದ ಮೊದಲ ನಿರ್ಣಯವಾದ್ದರಿಂದ ಅದು ಅಂಗೀಕಾರವಾಗಿಯೇಬಿಡುತ್ತಿತ್ತು. ವಿರೋಧಿಸಿದವರು ಚಾತ್ತುವೇಟ್ಟ ಒಬ್ಬರೇ: "ಎಲ್ಲಾ ಕೇಳ್ಕೊಂಡು ಏನೂ ಹೊರಗೆ ಬಿಡದೆ ಕೂರೋರು ಸಮಿತೀಲಿ ಆಗ್ಲೇ ತುಂಬಿದಾರೆ. ಇವ್ರಿಗೆ ಕುರ್ಚಿ ಎಲ್ಲಿಂದ ತರ್ತೀರಿ?"